ಜ್ವರಕ್ಕೆ ಮೊದಲೇ ಮುಟ್ಟಿದ ಮಾತ್ರೆ

ಎರಡು ಸಾವಿರದ ಇಸವಿ ದಾಟಿದ ಮೇಲೆ ಕೆಲವು ವರ್ಷ ನಾನು ಹಾಸನದ ಒಂದು ಸಗಟು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸುತ್ತಲಿನ ತಾಲ್ಲೂಕುಗಳ ಮೆಡಿಕಲ್ ಸ್ಟೋರ್‌ಗಳಿಗೆ ಹೋಗುವ ಮಾಲಿನ ಬಿಲ್ಲನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಿದ್ದೆ. ಅದೆಲ್ಲ ಒಳಗೆ ಸೇರಿ ಏನಾಗುತ್ತದೆಂದು ಯೋಚಿಸಿದವಳೇ ಅಲ್ಲ.

ಒಂದು ಮಳೆಗಾಲ ಯಜಮಾನರು ಪ್ರತಿ ಊರಿನ ಮಾರಾಟವನ್ನೂ ವಾರವಾರಕ್ಕೆ ಬಿಡಿಸಿ ತೋರಿಸಲು ಹೇಳಿದರು. ಜ್ವರ, ಕೀಲುನೋವಿನ ಮಾತ್ರೆಯ ಮಾರಾಟ ಮೊದಲು ಅರಕಲಗೂಡಿನಲ್ಲಿ ಏರಿತ್ತು, ಆಮೇಲೆ ಹೊಳೆನರಸೀಪುರದಲ್ಲಿ. ಕಾಯಿಲೆ ಊರಿಂದೂರಿಗೆ ನಡೆದು ಹೋಗುವುದು ಪರದೆಯ ಮೇಲೆ ಕಾಣುತ್ತಿತ್ತು.

“ಇನ್ನು ಪಕ್ಕದ ಹಳ್ಳಿಮೈಸೂರಿನ ಸರದಿ. ಈಗ್ಲೇ ಮಾತ್ರೆ ಕಳ್ಸಮ್ಮ,” ಎಂದರು ಯಜಮಾನರು.

ಮಾಲು ಮುಟ್ಟಿದ ದಿನವೇ ಅಲ್ಲಿನ ಅಂಗಡಿಯವರು ಫೋನಿನಲ್ಲಿ ನನ್ನ ಮೇಲೆ ರೇಗಿದರು. “ನಮ್ಮೂರಲ್ಲಿ ಯಾರ್ಗೂ ಜ್ವರ ಇಲ್ಲ ಕಣಮ್ಮ. ಇಷ್ಟೊಂದ್ ಯಾಕ್ ಕಳ್ಸಿದ್ದೀರಿ?” ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಸಮಾಧಾನ ಮಾಡಿದೆ.

ಮುಂದಿನ ವಾರ ಮತ್ತೆ ಅವರದೇ ಫೋನು. ಈ ಸಲ ದನಿ ಮೆತ್ತಗಿತ್ತು. “ಮನೆಮನೇಲೂ ಮಲ್ಗವ್ರೆ ಕಣಮ್ಮ. ಮಾತ್ರೆ ಇದ್ದಿದ್ಕೆ ಬಚಾವಾದ್ವಿ. ಜ್ವರ ಬತ್ತದೆ ಅಂತ ನಿಮ್ಗೆ ಯಾರ್ ಯೋಳಿದ್ರು?”

ಯಾರೂ ಹೇಳಿರಲಿಲ್ಲ. ಜನ ತಮ್ಮ ತಮ್ಮ ಊರಿನ ಅಂಗಡಿಯಲ್ಲಿ ನಾಲ್ಕು ಮಾತ್ರೆ ಕೊಂಡಿದ್ದರು, ಅಷ್ಟೆ. ಆ ಸಣ್ಣ ಸಣ್ಣ ಖರೀದಿಗಳು ಒಟ್ಟಾದಾಗ, ಅವರಲ್ಲಿ ಒಬ್ಬರಿಗೂ ಗೊತ್ತಿರದ ಸಂಗತಿ ಎದ್ದು ಕಂಡಿತ್ತು. ಇಂಥ ಲೆಕ್ಕ ಕೋಟಿಗಟ್ಟಲೆ ಸೇರಿದರೆ ಬಿಗ್ ಡೇಟಾ ಎನ್ನುತ್ತಾರೆ, ದೊಡ್ಡ ಕಂಪನಿಗಳು ಇದನ್ನು ನೋಡಿಕೊಂಡೇ ವ್ಯಾಪಾರ ನಡೆಸುತ್ತವೆ ಎಂದು ಎಷ್ಟೋ ವರ್ಷದ ಮೇಲೆ ಓದಿದೆ. ಅವತ್ತು ಮಾತ್ರ “ಬಿಲ್ ನೋಡಿ ಗೊತ್ತಾಯ್ತು” ಎಂದಷ್ಟೇ ಹೇಳಿ ಫೋನಿಟ್ಟು, ಮುಂದಿನ ಊರು ಯಾವುದೆಂದು ಪರದೆಯಲ್ಲಿ ಹುಡುಕತೊಡಗಿದೆ.