ಅಡುಗೆಯವರ ಕಾಲಮ್ಮಿನಲ್ಲಿ ಒಂದು

ಹಿಂದೂಪುರದ ಹುಣಸೆ ಮಂಡಿಯ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಸರ್ವೆ ಆಫೀಸಿದೆ. ಹಳ್ಳಿ ಹಳ್ಳಿ ಸುತ್ತಿ ಟ್ಯಾಬಿನಲ್ಲಿ ಉತ್ತರ ತುಂಬಿಕೊಂಡು ಬರುವವಳೂ ಶೋಭಾರಾಣಿ, ಬಂದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಅದಕ್ಕೊಂದು ರೂಪ ಕೊಡುವವಳೂ ಅವಳೇ. ಒಬ್ಬೊಬ್ಬರ ಉತ್ತರ ಒಂದೊಂದು ಸಾಲಾಗಿ, ನೋಡಿದರೆ ತಲೆ ಕೆಡುವಷ್ಟು ಉದ್ದಕ್ಕೆ ಬಿದ್ದಿರುತ್ತದೆ. ಸಾಫ್ಟ್‌ವೇರಿಗೆ ಸರಿಯಾಗಿ ಹೇಳಿದರೆ ಸಾಕು, ಊರುಗಳು ಎಡಗಡೆ ಸಾಲಾಗಿ ಇಳಿದು, ಕಸುಬುಗಳು ಮೇಲೆ ಅಡ್ಡಕ್ಕೆ ನಿಂತು, ನಡುವಿನ ಚೌಕಗಳಲ್ಲಿ ಎಷ್ಟು ಜನ ಎಂಬ ಲೆಕ್ಕ ಕೂರುತ್ತದೆ. ಈ ವಿದ್ಯೆ ಕಲಿಸಿದವನು ಆಫೀಸಿನ ಯಜಮಾನ ಲಕ್ಷ್ಮೀಕಾಂತ್. ತಪ್ಪಿದಾಗಲೂ ಬೈಯದೆ ಕಲಿಸಿದ. ಒಡಹುಟ್ಟಿದವರಿಲ್ಲದ ಅವಳು ಅವನನ್ನು ಅಣ್ಣ ಎಂದದ್ದು ಬಾಯಿಮಾತಿಗಲ್ಲ.

ಹೋದ ವರ್ಷದ ಸರ್ವೆ ಕುಡಿಯುವ ನೀರಿನದು. ಕಂಬದೂರಿನ ಕಡೆಯ ಒಂದೂರಿನ ಶಾಲೆಯಲ್ಲಿ ಅವಳ ದೊಡ್ಡಮ್ಮ ಶಿವಲಕ್ಷ್ಮಮ್ಮ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದಳು. ಗಂಡ ಸತ್ತ ಮೇಲೆ ಅವಳನ್ನು ನಾಲ್ಕು ಜನರ ನಡುವೆ ತಲೆಯೆತ್ತಿ ನಿಲ್ಲಿಸಿದ್ದೇ ಆ ಸೌಟು. ಶಾಲೆಗೆ ಫಿಲ್ಟರ್ ನೀರು ತರಿಸಬೇಕಾದವನು ಶಾಲೆಯ ಕಮಿಟಿಯ ಅಧ್ಯಕ್ಷ ಕಾಳಪ್ಪ, ಅಡುಗೆಯವರನ್ನು ಇಡುವವನೂ ತೆಗೆಯುವವನೂ ಅವನೇ. ಆ ನೀರು ಅವನು ತರಿಸುತ್ತಿರಲಿಲ್ಲ. ಹಲ್ಲು ಕಂದು ಮಾಡುವ ಬೋರಿನ ನೀರಲ್ಲೇ ಅನ್ನ ಬೇಯುತ್ತಿತ್ತು.

“ಹೇಳಿದ್ರೆ ಕೆಲ್ಸ ಹೋಯ್ತದೆ ಕಣಮ್ಮ” ಎಂದಳು ದೊಡ್ಡಮ್ಮ.

“ಹೆಸರು ಬರಲ್ಲ ದೊಡ್ಡಮ್ಮ, ಬರೀ ಲೆಕ್ಕ ಬತ್ತದೆ. ನಾನಿಲ್ವಾ?”

ಆ ಮಾತು ನಂಬಿ ದೊಡ್ಡಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು.

ಆಫೀಸಿನಲ್ಲಿ ಹೆಸರಿನ ಕಾಲಮ್ಮನ್ನು ಮೊದಲೇ ಅಳಿಸಿ, ನೀರು ಸರಿಯಿಲ್ಲ ಎಂದವರ ಟೇಬಲ್ ಮಾಡಿದಳು. ಆ ಊರಿನ ಸಾಲಿನಲ್ಲಿ, ಅಡುಗೆಯವರ ಕೆಳಗೆ, 1 ಎಂದು ಬಂತು. ಶೋಭಾ ಎದ್ದು ಲಕ್ಷ್ಮೀಕಾಂತನ ಮೇಜಿನ ಹತ್ತಿರ ಹೋದಳು.

“ಅಣ್ಣ, ಆ ಊರಿಗೆಲ್ಲ ಅಡುಗೆಯವಳು ನಮ್ಮ ದೊಡ್ಡಮ್ಮ ಒಬ್ಬಳೇ. ಅಡುಗೆಯವರನ್ನ ಕೂಲಿಯವರ ಜೊತೆ ಸೇರಿಸ್ಬುಡಣ್ಣ.”

“ಸರೇಲೇಮ್ಮಾ, ನಾನೇ ಸೇರಿಸಿ ಕಳಿಸ್ತೀನಿ. ನೀನು ಮನೆಗೆ ಹೋಗು” ಎಂದ ಲಕ್ಷ್ಮೀಕಾಂತ್. ಅವಳು ನೆಮ್ಮದಿಯಿಂದ ಹೋದಳು.

ರಿಪೋರ್ಟ್ ತೋರಿಸಲು ಕಲ್ಯಾಣದುರ್ಗದಲ್ಲಿ ಮೀಟಿಂಗು. ಸುತ್ತಲ ಊರಿನವರೆಲ್ಲ ಬಂದಿದ್ದರು. ಪರದೆಯ ಮೇಲೆ ಟೇಬಲ್ ಬಂದಾಗ ಅಡುಗೆಯವರ ಕಾಲಮ್ಮು ಇದ್ದಲ್ಲೇ ಇತ್ತು, ಆ ಒಂದೂ ಇತ್ತು. ಕಾಳಪ್ಪ ಪಕ್ಕದವನಿಗೆ ನಗುತ್ತಾ, “ನಮ್ಮೂರಾಗೆ ಸೌಟು ಹಿಡಿಯೋಳು ಒಬ್ಬಳೇ ಅಲ್ವೇನ್ಲಾ” ಎಂದ.

ಹೊರಗೆ ಬಂದು ಶೋಭಾ ಲಕ್ಷ್ಮೀಕಾಂತನ ದಾರಿಗೆ ಅಡ್ಡ ನಿಂತಳು.

“ಸೇರಿಸಿ ನೋಡ್ದೆ ಕಣಮ್ಮ, ಟೇಬಲ್ಲು ಸಪ್ಪೆ ಆಯ್ತು. ರಿಪೋರ್ಟ್ ಕೇಳಿದೋರಿಗೆ ಕಸುಬು ಬಿಡಿಬಿಡಿಯಾಗಿ ಬೇಕಿತ್ತು. ಹೆಸರಂತೂ ಇಲ್ವಲ್ಲ.”

ಮರೆತಿದ್ದರೆ ಕ್ಷಮಿಸಿಬಿಡುತ್ತಿದ್ದಳು. ಇವನಿಗೆ ಚೆನ್ನಾಗಿ ನೆನಪಿತ್ತು. ಕೈಹಿಡಿದು ಕಲಿಸಿದವನೇ ಬೆನ್ನಿಗೆ ಚೂರಿ ಹಾಕಿದ್ದ, ಅದೂ ಅವಳು ಮಾಡಿದ ಟೇಬಲ್ಲಿನಿಂದಲೇ.

ವಾರ ಕಳೆಯುವಷ್ಟರಲ್ಲಿ ಸೌಟು ಬೇರೆಯವಳ ಕೈಗೆ ಹೋಯಿತು. ಶೋಭಾ ಜೀಪು ಹತ್ತಿ ದೊಡ್ಡಮ್ಮನ ಊರಿಗೆ ಹೋದಳು. ದೊಡ್ಡಮ್ಮ ಬೈಯಲಿಲ್ಲ, ಅಳಲಿಲ್ಲ. ಚಾಪೆ ಹಾಸಿ, ಲೋಟದಲ್ಲಿ ನೀರು ತಂದುಕೊಟ್ಟಳು.

“ನೀನೇನೂ ಸುಳ್ಳು ಹೇಳ್ಲಿಲ್ಲ ಬಿಡಮ್ಮ. ಹೆಸರು ಬರ್ಲೇ ಇಲ್ಲ.”

ಶೋಭಾ ಲೋಟ ಎತ್ತಿಕೊಂಡಳು. ಕೈಯಲ್ಲಿದ್ದದ್ದು ಅದೇ ಬೋರಿನ ಸವುಳು ನೀರು. ಒಂದು ಗುಟುಕು ನುಂಗಿ ಲೋಟ ಕೆಳಗಿಟ್ಟಳು.

“ಟ್ಯಾಬು ತಂದಿದೀಯಾ?” ಎಂದಳು ದೊಡ್ಡಮ್ಮ. “ಬರ್ಕೋ. ನೀರು ಬೋ ಚೆನ್ನಾಗೈತೆ.”