ಕೊನೇ ಎಂಟು ಪುಟದ ಮಡಕೆ ಪದ

ನಮ್ಮ ಮನೆ ಗ್ರೂಪಲ್ಲಿ ಮೊನ್ನೆ ಯಾರೋ ಕೇಳಿದ್ರು, ತಾತನ ಪದ ಓದ್ಬೇಕು, ಒಳ್ಳೇ ಪುಸ್ತಕ ಯಾವ್ದು ಹೇಳಿ ಅಂತ. ಫೋನಲ್ಲಿ ಟೈಪ್ ಮಾಡೋದು ಈಗ್ತಾನೆ ಕಲ್ತಿದೀನಿ, ಒಂದೇ ಬೆರಳು ಓಡತ್ತೆ. ಅಚ್ಚಾಗಿರೋದು ಬೇಡ, ಕೈಲಿ ಬರ್ಕೊಂಡಿರೋದು ಓದಿ ಅಂತ ಒಂದು ಸಾಲಲ್ಲಿ ಉತ್ತರ ಬರ್ದು ಕೈ ತೊಳ್ಕೋಬಹುದಿತ್ತು. ಆದ್ರೆ ಆ ಒಂದು ಸಾಲು ತಿಳ್ಕೊಳ್ಳೋಕೆ ನಂಗೆ ಎರಡು ವರ್ಷ ಹಿಡೀತು. ನೀವೂ ಸ್ವಲ್ಪ ಕಾಯಿರಿ.

ತಾತ ಅಂದ್ರೆ ನಮ್ಮ ತಾತ ಅಲ್ಲ. ಕುಣಿಗಲ್ಲು, ಗುಬ್ಬಿ ಅಂತ ಊರೂರು ಅಲೀತಿದ್ದ ಒಬ್ಬ ಅವಧೂತ. ದನ ಮೇಯಿಸ್ತಾ, ಯಾರಾದ್ರೂ ಕೊಟ್ಟಿದ್ದು ಬೊಗಸೇಲಿ ಇಸ್ಕೊಂಡು ತಿಂತಾ, ಒಗಟಿನಂಥ ಪದ ಕಟ್ಟಿ ಹಾಡ್ತಿದ್ನಂತೆ. ನಾನು ಮದ್ವೆಯಾಗಿ ಗುಬ್ಬಿಗೆ ಬರೋ ಹೊತ್ತಿಗೆ ಅವನು ಹೋಗಿ ಬಹಳ ಕಾಲ ಆಗಿತ್ತು. ಆದ್ರೆ ಪ್ರತಿ ಸೋಮವಾರ ಸಾಯಂಕಾಲ ನಮ್ಮ ಬೀದೀಲೇ ಒಬ್ರು ರಿಟೈರಾದ ಮೇಷ್ಟ್ರ ಮನೇಲಿ ತಾತನ ಪದ ಓದಿ ಅರ್ಥ ಹೇಳೋರು. ಗಂಡಸ್ರು ಹಜಾರದಲ್ಲಿ, ಹೆಂಗಸ್ರು ನಡುಮನೆ ಬಾಗ್ಲ ಹಿಂದೆ. ಪುಸ್ತಕ ಮೇಷ್ಟ್ರ ಮುಂದೆ ಮರದ ಪೀಠದ ಮೇಲೆ ಅರಿಶಿನ ಕುಂಕುಮ ಹಚ್ಕೊಂಡು ಮದ್ವೆ ಹೆಣ್ಣಿನ ಹಂಗೆ ಕೂತಿರೋದು. ದೀಕ್ಷೆ ತಗೊಳ್ದೇ ಇರೋರು ಮುಟ್ಟಂಗಿಲ್ಲ. ಹೆಂಗಸ್ರಿಗೆ ದೀಕ್ಷೆ ಕೊಡಂಗಿಲ್ಲ.

ಎಪ್ಪತ್ತರ ದಶಕ ಮುಗೀತಾ ಬಂದಿತ್ತು. ನನಗೆ ಎರಡನೇ ಬಾಣಂತನ ಆಗಿ ಕೆಲವು ತಿಂಗಳು. ಮಗು ಚೆನ್ನಾಗಿತ್ತು, ನಾನೇ ಚೆನ್ನಾಗಿರ್ಲಿಲ್ಲ. ಸುಮ್‌ಸುಮ್ನೆ ಅಳು. ಒಲೆ ಮುಂದೆ ಕೂತ್ರೆ ಎದ್ದೇಳೋದೇ ಮರ್ತೋಗೋದು. ಅತ್ತೆ ದೃಷ್ಟಿ ತೆಗೆದ್ರು, ನಮ್ಮನೆಯವ್ರು ಟಾನಿಕ್ ತಂದ್ಕೊಟ್ರು. ಎರಡೂ ಕೆಲ್ಸ ಮಾಡ್ಲಿಲ್ಲ. ಹಂಗಿರೋವಾಗ ಒಂದು ಸೋಮವಾರ ಬಾಗ್ಲ ಹಿಂದೆ ಮಗೂನ ತೊಡೆ ಮೇಲೆ ಹಾಕ್ಕೊಂಡು ಕೂತಿದ್ದೆ, ಮೇಷ್ಟ್ರು ಓದಿದ್ರು:

ಮುಚ್ಚಿದ ಮಡಕೆಯೊಳಗಿನ ಕತ್ತಲು ಯಾರದೋ
ಮುಚ್ಚಳ ತೆಗೆದರೆ ಅದು ಹೋಗೋದೆಲ್ಲಿಗೋ

ಅಷ್ಟೇ. ನನ್ನೊಳಗೆ ಏನೋ ತಟ್ಟಂತ ನಿಂತ್ಕೊಂಡ್ತು. ಮನೆಗೆ ಬಂದು ಗಡಿಗೆ ಮುಚ್ಚಳ ತೆಗ್ದು ತೆಗ್ದು ನೋಡ್ದೆ. ಅತ್ತೆ, "ಬೆಕ್ಕೇನಾದ್ರೂ ಬಾಯಿ ಹಾಕೈತೇನೇ?" ಅಂದ್ರು. ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು. ಆಮೇಲೆ ದಿನಾ ಆ ಎರಡು ಸಾಲು ಹಿಡ್ಕೊಂಡೇ ಏಳ್ತಿದ್ದೆ.

ಮುಂದಿನ ಸೋಮವಾರ ಬಾಗ್ಲ ಹಿಂದಿನಿಂದ್ಲೇ ಕೇಳ್ದೆ. "ಮೇಷ್ಟ್ರೇ, ಆ ಕತ್ತಲೆ ಅಂದ್ರೆ ಏನು?"

ಮೇಷ್ಟ್ರು ಕನ್ನಡಕದ ಮೇಲಿಂದ ಬಾಗ್ಲ ಕಡೆ ನೋಡಿದ್ರು. "ಅದು ಗುಟ್ಟಿನ ವಿಚಾರ ಕಣಮ್ಮ. ಅಧಿಕಾರ ಇದ್ದೋರಿಗೇ ಹೇಳೋದು. ನೀನು ಕೇಳಿಸ್ಕೊ, ಪುಣ್ಯ ಬರತ್ತೆ."

ಪುಣ್ಯ ಯಾರಿಗೆ ಬೇಕಾಗಿತ್ತು? ನಾನೂ ಎಸ್ಸೆಸ್ಸೆಲ್ಸಿ ಪಾಸಾದೋಳು, ಪುಸ್ತಕ ಸಿಕ್ರೆ ನಾನೇ ಓದ್ಕೋತೀನಿ ಅಂತ ಅವತ್ತೇ ತೀರ್ಮಾನ ಮಾಡ್ದೆ.

ಮೊದ್ಲು ಸಿಕ್ಕಿದ್ದು ದೇವರಾಯನದುರ್ಗಕ್ಕೆ ಹೋದಾಗ, ಬಳೆ ಅಂಗಡೀಲಿ ಕ್ಲಿಪ್ಪು ರಿಬ್ಬನ್ನು ಜೊತೆ ನೇತಾಡ್ತಿದ್ದ ಒಂದು ತೆಳ್ಳನೇ ಪುಸ್ತಕ. ತಾತ ಕಲ್ಲಿಗೆ ಹುಲ್ಲು ತಿನ್ನಿಸ್ದ, ಒಂದೇ ಹೊತ್ತಲ್ಲಿ ಎರಡೂರಲ್ಲಿ ಕಾಣಿಸ್ಕೊಂಡ ಅಂತೆಲ್ಲ ಇತ್ತು. ತಾತ ಬಾಯಿ ಬಿಟ್ಟು ಏನಂದ ಅನ್ನೋದು ಒಂದಕ್ಷರ ಇರ್ಲಿಲ್ಲ. ಅದನ್ನ ಅತ್ತೆಗೆ ಕೊಟ್ಟೆ, ಬಹಳ ಇಷ್ಟಪಟ್ರು.

ಎರಡನೇದು ತುಮಕೂರಲ್ಲಿ. ನಮ್ಮನೆಯವ್ರು ತಾಲ್ಲೂಕಾಫೀಸಲ್ಲಿ ಗುಮಾಸ್ತರು, ಕೆಲ್ಸದ ಮೇಲೆ ತುಮಕೂರಿಗೆ ಹೋದಾಗ ಹೊತ್ಕೊಂಡು ಬಂದ್ರು. ದಪ್ಪ ಅಂದ್ರೆ ಮಣೆ ಬದ್ಲು ಹಾಕ್ಕೊಂಡು ಕೂರ್ಬಹುದು. ಒಂದು ಸಾಲು ಪದ, ಅದ್ರ ಕೆಳಗೆ ನಾಲ್ಕು ಪುಟ ಸಂಸ್ಕೃತ. ಇಡಾ, ಪಿಂಗಳ, ಚಕ್ರ, ಕಮಲ. ಇನ್ನೇನು ಅರ್ಥ ಆಯ್ತು ಅನ್ನೋ ಹೊತ್ತಿಗೆ ಅರ್ಥ ಬರ್ದ ಪಂಡಿತ ಹೇಳ್ತಾನೆ, "ಮುಂದಿನದು ಗುರುಮುಖದಿಂದಲೇ ತಿಳಿಯತಕ್ಕದ್ದು." ಹೇಳಲ್ಲ ಅಂದ್ಮೇಲೆ ಅಷ್ಟು ದಪ್ಪ ಬರ್ದಿದ್ಯಾಕಪ್ಪ? ಮಡಕೆ ಪದ ಅದ್ರಲ್ಲಿ ಇರ್ಲೇ ಇಲ್ಲ. ಅವನು ಆರ್ಸಿದ್ದು ಬರೀ ಹತ್ತು ಪದ.

ಹಂಗಾದ್ರೆ ಮೇಷ್ಟ್ರ ಪೀಠದ ಮೇಲಿರೋದೇ ಬೇಕು. ಮೇಷ್ಟ್ರ ಹೆಂಡ್ತಿಗೂ ನನಗೂ ಚೆನ್ನಾಗಿ ಸರಿ ಬರ್ತಿತ್ತು. ಒಂದಿನ ಬೆಳಿಗ್ಗೆ ಅವ್ರು ಬಚ್ಚಲ ಕಡೆ ಕಿವಿ ಕೊಟ್ಟು, "ಸ್ನಾನಕ್ಕೆ ಹೋಗವ್ರೆ. ಬೇಗ ನೋಡ್ಬಿಡು," ಅಂದ್ರು. ಮುಟ್ಟಿದ ಪಾಪ ಹಂಚ್ಕೊಳ್ಳೋಣ ಅಂತ ಅವರೇ ಪುಸ್ತಕ ತಿರುಗ್ಸಿ ಹಿಡಿದ್ರು. ಹಿಂದಿನ ರಟ್ಟಿನ ಮೇಲೆ ಪ್ರೆಸ್ಸಿನ ವಿಳಾಸ ಓದ್ದೆ, ತುಮಕೂರು, ಶಿರಾ ಗೇಟ್. ಒಳಗಿನ ಪುಟ ಬಿಡಿಸೋಷ್ಟ್ರಲ್ಲಿ ಬಚ್ಚಲಲ್ಲಿ ಚೊಂಬಿನ ಸದ್ದು ನಿಂತೋಯ್ತು.

ಶಿರಾ ಗೇಟಿಗೆ ನಾನೇ ಹೋದೆ, ಮಗೂನ ಸೊಂಟದ ಮೇಲೆ ಹಾಕ್ಕೊಂಡು. ಲಾರಿಗಳ ಮಧ್ಯೆ ದಾಟಿ, ಸೈಕಲ್ ಶಾಪ್ ಪಕ್ಕದ ಸಂದೀಲಿ ಪ್ರೆಸ್ಸು. ಒಳಗೆ ಒಬ್ರೇ ಒಬ್ರು ಮೊಳೆ ಜೋಡಿಸೋರು ಇದ್ರು. ಮೊಳೆ ಅಂದ್ರೆ ಸೀಸದ ಅಕ್ಷರಗಳು, ಆಗ ಪುಸ್ತಕ ಅಂದ್ರೆ ಒಂದೊಂದೇ ಅಕ್ಷರ ಆರ್ಸಿ ಜೋಡಿಸ್ಬೇಕಿತ್ತು. ವಯಸ್ಸಾಗಿತ್ತು, ಬೆರಳ ತುದಿಯೆಲ್ಲ ಕಪ್ಪು. ಯಾರ್ದೋ ಲಗ್ನಪತ್ರಿಕೆ ಜೋಡಿಸ್ತಿದ್ರು.

"ಆ ಪುಸ್ತಕ ಒಂದು ಕಾಪಿನೂ ಉಳ್ದಿಲ್ಲ ತಾಯಿ," ಅಂದ್ರು. "ಯಾವ ಪದ ಬೇಕಾಗಿತ್ತು?"

ಮಡಕೆ ಪದ ಹೇಳ್ದೆ. ಅವರ ಕೈ ನಿಂತೋಯ್ತು.

"ಅದು ನಿಮಗೆ ಹಿಡಿಸ್ತಾ?"

"ಹಿಡಿಸ್ತಾ ಅಂದ್ರೆ? ಅದ್ರಿಂದ್ಲೇ ನಾನು ಎದ್ದು ಓಡಾಡ್ತಿರೋದು."

ಅವ್ರು ಬಾಗ್ಲ ಕಡೆ ಒಂದ್ಸಲ ನೋಡಿ, ಸ್ಟೂಲ್ ಎಳೆದು ಕೊಟ್ರು. "ಕೂತ್ಕೊಳ್ಳಿ. ನೋಡಿ ತಾಯಿ, ಪುಸ್ತಕ ಅಚ್ಚು ಹಾಕೋದು ಹದಿನಾರು ಹದಿನಾರು ಪುಟದ ಫಾರಂ ಲೆಕ್ಕದಲ್ಲಿ. ಈ ಪುಸ್ತಕದಲ್ಲಿ ಕೊನೇ ಫಾರಂ ಅರ್ಧಕ್ಕೇ ನಿಂತೋಯ್ತು, ಎಂಟು ಪುಟ ಖಾಲಿ. ಅಚ್ಚು ಹಾಕ್ಸಿದ ಯಜಮಾನ್ರು, ದೇವ್ರ ಪುಸ್ತಕದಲ್ಲಿ ಖಾಲಿ ಪುಟ ಇದ್ರೆ ಮನೆಗೆ ಒಳ್ಳೇದಲ್ಲ, ಹೆಂಗಾದ್ರೂ ತುಂಬ್ಸಿ ಅಂದ್ರು. ತುಂಬ್ಸಿದೆ."

"ಏನ್ ತುಂಬಿಸಿದ್ರಿ?"

"ಪದ. ತಾತಂದು ಅಷ್ಟು ಜೋಡ್ಸಿ ಜೋಡ್ಸಿ ಕೈಗೆ ಧಾಟಿ ಬಂದಿತ್ತು. ನಾನೇ ಏಳೆಂಟು ಕಟ್ಟಿ ಕೊನೇಲಿ ತಾತನ ಅಂಕಿತ ಹಾಕ್ದೆ."

"ಮಡಕೆ ಪದ ನಿಮ್ದಾ?"

ಮೊಳೆಯೋರು ಕೈಲಿದ್ದ ಮೊಳೆ ಅದರ ಗೂಡಿಗೆ ಹಾಕಿದ್ರು. "ಸುಳ್ಳು ಹೇಳಲ್ಲ ತಾಯಿ, ಗೊತ್ತಾಗ್ತಿಲ್ಲ. ಕಾಗದದ ಮೇಲೆ ಬರೀಲೇ ಇಲ್ಲ ನಾನು, ನಿಂತ್ಕೊಂಡೇ ಮೊಳೇಲಿ ಜೋಡ್ಸಿದ್ದು. ಅಚ್ಚಾದ್ಮೇಲೆ ಮೊಳೆ ಬಿಚ್ಚಿ ಗೂಡಿಗೆ ಹಾಕ್ಬಿಟ್ವಿ. ಬೇರೆ ಅಂತ ಕಾಣ್ಬಾರ್ದು ಅಂತ ಆ ಎಂಟು ಪುಟದ ಮಧ್ಯೆ ತಾತನ ಪದಾನೂ ಒಂದೆರಡು ಸೇರಿಸಿದ್ದೆ, ಈಗ ತಾತಂದ್ಯಾವ್ದು ನಂದ್ಯಾವ್ದು ನನಗೇ ಬೆರ್ತೋಗಿದೆ. ಕೈಬರಹದ ಮೂಲ ನೋಡಿದ್ರೆ ತಿಳಿಯತ್ತೆ. ಕುಣಿಗಲ್ ಕೆರೆ ಆಚೆ ಒಂದು ಹಳ್ಳೀಲಿ ಅಜ್ಜಿ ಹತ್ರ ಇದೆ. ಅವರಪ್ಪ ತಾತನ ಜೊತೇಲೇ ಇದ್ದು ಬರ್ಕೊಂಡಿದ್ದು."

ಕುಣಿಗಲ್ ಬಸ್ಸಲ್ಲಿ ನನಗಿದ್ದ ಪ್ರಾರ್ಥನೆ ಒಂದೇ. ಮಡಕೆ ಪದ ಅಜ್ಜಿ ಹತ್ರ ಇರ್ಲಪ್ಪ.

ಅಜ್ಜಿ ಜಗಲಿ ಮೇಲೆ ಹುರುಳಿ ಕೇರ್ತಾ ಕೂತಿತ್ತು. ನಾನು ಬಂದ ಕಾರಣ ಹೇಳಿದ್ಮೇಲೆ ಮೊರ ಕೆಳಗಿಟ್ಟು, "ಪುಸ್ತಕ ಹೊಸ್ಲು ದಾಟಲ್ಲ ಕಣವ್ವ," ಅಂತು. "ಒಂದು ದಪ ಪ್ರೆಸ್ಸಿಗೆ ಕೊಟ್ಟು ಅನುಭವ್ಸಿದೀನಿ, ವರ್ಸ ಆದ್ಮೇಲೆ ಬಂತು. ಬೇಕು ಅಂದ್ರೆ ಇಲ್ಲೇ ಕುಂತ್ಕೊಂಡು ಬರ್ಕೊ. ಒಂದು ದಪಕ್ಕೆ ಒಂದೇ ಪದ. ಮೊದ್ಲು ನಾನು ಹಾಡ್ತೀನಿ, ಆಮ್ಯಾಕೆ ನೀನು ಹಾಡ್ಬೇಕು. ತಪ್ಪಿಲ್ದೆ ಹಾಡಿದ್ರೆ ಮಾತ್ರ ಬರ್ಕೊಳ್ಳೋದು. ನಮ್ಮಪ್ಪ ಮಾಡಿಟ್ಟಿರೋ ಕಟ್ಟು."

"ಅಜ್ಜಿ, ಸುಮ್ನೆ ಒಂದ್ಸಲ ಪುಟ ತಿರುವಿ ನೋಡ್ಲಾ? ನನಗೆ ಒಂದೇ ಪದ ಇದ್ಯೋ ಇಲ್ವೋ ಗೊತ್ತಾದ್ರೆ ಸಾಕು."

"ಬುಡು ಬುಡು, ಸಂತೇಲಿ ಬದ್ನೇಕಾಯಿ ಆರ್ಸಂಗಲ್ಲ ಇದು. ಐತೋ ಇಲ್ವೋ ನಾನೂ ಹೇಳಲ್ಲ, ಮೊದಲ್ನೇದ್ರಿಂದ ಬಾ."

ಎಷ್ಟು ಪದ ಇವೆ ಅಂತ ಕೇಳ್ದೆ. ನಲವತ್ತೊಂದು.

ಸರಿ, ನಲವತ್ತೊಂದು ಸಲ ಬರ್ತೀನಿ ಅಂದೆ.

ಶನಿವಾರ ಶನಿವಾರ ಹೊರಟೆ. ಬೆಳಿಗ್ಗೆ ಎದ್ದು ಮುದ್ದೆ ಸಾರು ಮಾಡಿಟ್ಟು, ದೊಡ್ಡೋಳನ್ನ ಸ್ಕೂಲಿಗೆ ಕಳ್ಸಿ, ಚಿಕ್ಕೋಳನ್ನ ಎತ್ಕೊಂಡು ಗುಬ್ಬಿಯಿಂದ ತುಮಕೂರು, ತುಮಕೂರಿಂದ ಕುಣಿಗಲ್, ಅಲ್ಲಿಂದ ಕೆರೆ ಏರಿ ಮೇಲೆ ನಡೆದು. ಅತ್ತೆ ಮೊದಮೊದ್ಲು, "ಸನ್ಯಾಸ ತಗೊಳ್ಳೋಳು ಪಾತ್ರೆ ತೊಳ್ದಿಟ್ಟು ತಗೊ," ಅನ್ನೋರು. ನಮ್ಮನೆಯವ್ರು, "ಕಂಡಕ್ಟರಿಗೆ ನಿನ್ನ ಪರಿಚಯ ನನಗಿಂತ ಚೆನ್ನಾಗಿದೆ ಕಣೇ," ಅಂತಿದ್ರು. ಒಂದು ವಾರವೂ ಬೇಡ ಅನ್ಲಿಲ್ಲ, ಅದು ಅವ್ರ ದೊಡ್ಡತನ. ಬೇಡ ಅಂದಿದ್ರೂ ನಾನು ಹೋಗ್ತಿದ್ದೆ, ಅದು ಅವ್ರಿಗೂ ಗೊತ್ತಿತ್ತು.

ಅಜ್ಜಿ ಮಗೂನ ತೊಡೆ ಮೇಲೆ ಹಾಕ್ಕೊಂಡು ಹಾಡೋದು. ನಾನು ಹಾಡೋದು. ನನ್ನ ಕಂಠ ಕೇಳಿ ಹಟ್ಟೀಲಿದ್ದ ಎಮ್ಮೆ ತಿರುಗಿ ನೋಡೋದು. "ರಾಗ ಹೋಗ್ಲಿ ಬುಡು, ಮಾತು ಸರಿ ಹೇಳು," ಅನ್ನೋದು ಅಜ್ಜಿ. ಮೂರು ಸಲ ತಪ್ಪಿದ್ರೆ ಆ ವಾರ ಬರಿಗೈಲಿ ವಾಪಸ್. ಹಂಗೆ ಬರಿಗೈಲಿ ಬಂದಿದ್ದೇ ಎಷ್ಟೋ ಸಲ. ಆದ್ರೆ ಬಸ್ಸಲ್ಲಿ ಬರೋವಾಗ ಆ ತಪ್ಪಿದ ಮಾತೇ ತಲೇಲಿ ಸುತ್ತಿ ಸುತ್ತಿ, ಯಾಕೆ ಅಲ್ಲಿ ಆ ಮಾತೇ ಇರ್ಬೇಕು ಅನ್ನೋದು ಹೊಳೀತಿತ್ತು. ದಪ್ಪ ಪುಸ್ತಕ ನಾಲ್ಕು ಪುಟದಲ್ಲಿ ಹೇಳಿದ್ದಕ್ಕಿಂತ ಅದು ಹೆಚ್ಚು.

ಹತ್ತಾಯ್ತು, ಇಪ್ಪತ್ತಾಯ್ತು, ಮೂವತ್ತಾಯ್ತು. ಮಡಕೆ ಬರ್ಲಿಲ್ಲ. ಮಗು ಎದ್ದು ನಡೆಯೋಕೆ ಶುರು ಮಾಡ್ತು, ಅಜ್ಜಿ ಮನೆ ಕೋಳಿ ಅಟ್ಟಿಸ್ಕೊಂಡು ಹೋಗೋಷ್ಟಾಯ್ತು. ನಲವತ್ತನೇ ಪದವೂ ಮುಗೀತು. ನಲವತ್ತೊಂದನೇ ಪದದ ಶನಿವಾರ ಅಜ್ಜಿ ಬಾಯಿ ತೆಗೆಯೋ ಮುಂಚೆ ನಾನು ಮಡಕೆ, ಮಡಕೆ ಅಂತ ಜಪ ಮಾಡ್ತಿದ್ದೆ. ಹಾಡ್ತು. ಅದು ಒಂದು ಕುಂಟು ಹಸೂ ಮೇಲಿನ ಪದ.

"ಇನ್ನಿಲ್ವಾ ಅಜ್ಜಿ?"

"ಇನ್ನೆಲ್ಲೈತವ್ವ? ತಾತ ಹೇಳಿದ್ದು ಇಷ್ಟೇಯ."

ಮಡಕೆ ಪದ ನಾನೇ ಹಾಡ್ದೆ. ಅಜ್ಜಿ ಕಣ್ಮುಚ್ಚಿ ಕೇಳಿಸ್ಕೊಂಡು ತಲೆ ಆಡಿಸ್ತು. "ಇದು ತಾತಂದಲ್ಲ ಕಣವ್ವ. ಅವನಿಗೆ ಮನೆ ಎಲ್ಲಿತ್ತು? ಮಡಕೆ ಎಲ್ಲಿತ್ತು? ಬೊಗಸೇಲಿ ಉಣ್ತಿದ್ದೋನು ಮುಚ್ಚಿಡೋ ಮಾತೇ ಆಡಲ್ಲ. ನಲವತ್ತೊಂದು ಹಾಡಿದ್ಯಲ್ಲ, ಎಲ್ಲಾದ್ರೂ ಒಂದು ಪಾತ್ರೆ ಪಡಗ ಸಿಕ್ತಾ ನಿಂಗೆ?"

ಸಿಕ್ಕಿರ್ಲಿಲ್ಲ. ನಿಜ ಹೇಳ್ಬೇಕಂದ್ರೆ ಹತ್ತಿಪ್ಪತ್ತು ಪದ ಆಗೋ ಹೊತ್ತಿಗೇ ನನಗೂ ಅನುಮಾನ ಬಂದಿತ್ತು. ಒಪ್ಕೊಂಡಿರ್ಲಿಲ್ಲ, ಅಷ್ಟೇ.

"ಆದ್ರೂ ಚಂದಾಗೈತೆ," ಅಂತು ಅಜ್ಜಿ. "ಇನ್ನೊಂದ್ಸಲ ಹಾಡು."

ವಾಪಸ್ ಬರೋವಾಗ ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಯಾವ ಮಾತು ನನ್ನನ್ನ ಎಬ್ಬಿಸಿ ನಿಲ್ಲಿಸ್ತೋ ಅದು ಖಾಲಿ ಪುಟ ತುಂಬ್ಸೋಕೆ ಬಂದಿದ್ದು. ಹೇಳ್ದೆ ಇದ್ರೆ ಯಾರಿಗೂ ಗೊತ್ತಾಗಲ್ಲ. ಮೊಳೆಯೋರಿಗೇ ನೆನಪಿಲ್ಲ, ಅಜ್ಜಿ ಗುಬ್ಬಿಗೆ ಬರಲ್ಲ. ನಾನು ಬಾಗ್ಲ ಹಿಂದೆ ಹಂಗೇ ಕೂತು ಆ ಪದಕ್ಕೆ ತಲೆ ತೂಗ್ಬಹುದು. ಆದ್ರೆ ತಾತ ಏನಂದ ಅನ್ನೋದೇ ನನಗೆ ಬೇಕು ಅಂತ ಹೊರಟೋಳು ನಾನೇ ತಾನೆ? ತುಮಕೂರು ಬರೋ ಹೊತ್ತಿಗೆ ಕಣ್ಣೊರೆಸ್ಕೊಂಡು ಆಗಿತ್ತು. ಮನೆಗೆ ಬಂದು ನನ್ನ ನೋಟ್ ಬುಕ್ಕಲ್ಲಿ ನಲವತ್ತೊಂದರ ಆಚೆ ಒಂದು ಹಾಳೆ ಬಿಟ್ಟು, ಕೆಂಪು ಇಂಕಲ್ಲಿ ಮಡಕೆ ಪದ ಬರ್ದೆ. ತಾತನ ಅಂಕಿತ ಇದ್ದ ಕಡೆ ಗೀಟೆಳ್ದು, "ಇದು ಮೊಳೆ ಜೋಡಿಸೋರ ಪದ" ಅಂತ ಸೇರಿಸ್ದೆ.

ಸೋಮವಾರ ಮೇಷ್ಟ್ರು ತೆಗ್ದಿದ್ದೂ ಅದೇ ಪದ. ಅವ್ರಿಗೂ ಅದು ಪ್ರೀತಿ, ಎಷ್ಟೋ ವಾರ ಅದಕ್ಕೇ ಅರ್ಥ ಹೇಳಿದ್ರು. ಎದ್ದು ನಿಂತ್ಕೊಂಡೆ.

"ಮೇಷ್ಟ್ರೇ, ಆ ಪದ ತಾತಂದಲ್ಲ."

ಗಂಡಸ್ರು ಗುಜುಗುಜು ಅಂದ್ರು. ಒಬ್ರು, "ಇವಳ್ಯಾರ್ರೀ ಹೇಳೋಳು?" ಅಂತ ಕೇಳಿಯೇಬಿಟ್ರು. ಮೇಷ್ಟ್ರ ಹೆಂಡ್ತಿ ಒಳಗಿಂದ, "ಬಾಗ್ಲಲ್ಲಿ ನಿಂತ್ರೆ ಅರ್ಧ ಮಾತು ಕೇಳಲ್ಲ, ಮುಂದೆ ಕರ್ದು ಕೂರಿಸ್ರೀ ಅವಳನ್ನ," ಅಂದ್ರು. ಮೇಷ್ಟ್ರು ಕರೀಲಿಲ್ಲ, ಬೇಡ ಅಂತಾನೂ ಅನ್ಲಿಲ್ಲ. ನಾನೇ ಹೊಸ್ಲು ದಾಟಿ ಹೋಗಿ ಕೂತೆ. ಕುಣಿಗಲ್ಲು, ಅಜ್ಜಿ, ಪ್ರೆಸ್ಸು, ಫಾರಮ್ಮು, ಎಲ್ಲಾ ಹೇಳ್ದೆ. ಯಾರೋ ಕಿಸಕ್ಕಂತ ನಕ್ರು. ಮೇಷ್ಟ್ರು ನಗ್ಲಿಲ್ಲ.

"ಹಂಗಾದ್ರೆ ಇಷ್ಟು ದಿನ ನಾನು ಹೇಳಿದ ಅರ್ಥ?"

"ಅದು ನಿಮ್ದೇ ಮೇಷ್ಟ್ರೇ. ನನಗೂ ಅದು ಬೇಕಾದ ಪದಾನೇ. ಬೇಕಾದ್ದು ಅಂತ ತಾತನ ತಲೆಗೆ ಕಟ್ಟೋಕಾಗಲ್ವಲ್ಲ."

ಅವ್ರು ಪುಸ್ತಕದ ಕೊನೇ ಎಂಟು ಪುಟ ಬೆರಳಲ್ಲಿ ಎಣಿಸಿದ್ರು. ಅರಿಶಿನದ ಕಲೆಗೆ ಹಾಳೆ ಅಂಟ್ಕೊಂಡಿತ್ತು, ಬಿಡಿಸ್ಕೊಂಡು ಬಿಡಿಸ್ಕೊಂಡು ಎಣಿಸಿದ್ರು. ಆಮೇಲೆ ನನ್ನ ನೋಟ್ ಬುಕ್ಕಿಗೆ ಕೈ ಚಾಚಿದ್ರು. ನಾನು ಕೊಡ್ಲಿಲ್ಲ.

"ಓದ್ತೀನಿ ಮೇಷ್ಟ್ರೇ. ಕೊಡಲ್ಲ."

"ಓದು ಮತ್ತೆ," ಅಂದ್ರು.

ಮೊದಲ್ನೇ ಪದ ಓದ್ದೆ. ಮುಗಿದ್ಮೇಲೆ, ಇವಳ್ಯಾರ್ರೀ ಅಂದಿದ್ರಲ್ಲ ಅವ್ರೇ, "ಇದ್ರ ಅರ್ಥ ಏನಮ್ಮ?" ಅಂತ ಕೇಳಿದ್ರು. ಎಲ್ರೂ ನನ್ನ ಮುಖ ನೋಡ್ತಿದ್ರು.

"ಪೂರ್ತಿ ಗೊತ್ತಿಲ್ಲ," ಅಂದೆ.

ಮೇಷ್ಟ್ರು ಕನ್ನಡಕ ತೆಗ್ದು ಪಂಚೇಲಿ ಒರೆಸ್ಕೊಂಡ್ರು. "ಗೊತ್ತಿಲ್ದಿದ್ರೆ ಇನ್ನೊಂದ್ಸಲ ಓದಮ್ಮ. ನಿಧಾನಕ್ಕೆ ಓದು, ನಾನೂ ಬರ್ಕೋತೀನಿ."