ಬೆನ್ನ ಮೇಲಿನ ‘ಲಿಂಗೈಕ್ಯ’

ನನ್ನ ಹೆಂಡತಿ ಬದುಕಿದ್ದಾಳೆ. ಕ್ಯಾನ್ಸರ್ ಸಂಶೋಧನೆಯ ಸಹಾಯಾರ್ಥ ಸೈಕಲ್ ಸವಾರಿ ಏರ್ಪಡಿಸಿದ ಮಹನೀಯರು ಅವಳ ಹೆಸರಿನ ಮೊದಲು, ನಮ್ಮ ಸಮಾಜದಲ್ಲಿ ತೀರಿಕೊಂಡವರಿಗೆ ಹಚ್ಚುವ ‘ಲಿಂಗೈಕ್ಯ’ ಎಂಬ ಶಬ್ದವನ್ನು ಅಚ್ಚು ಹಾಕಿಸಿ, ಆ ಬಟ್ಟೆಯನ್ನು ನನ್ನ ಬೆನ್ನಿಗೆ ಚುಚ್ಚಿ ಕಳಿಸಿದರು. ಹುಬ್ಬಳ್ಳಿಯಿಂದ ಹಳಿಯಾಳದವರೆಗೆ ನಾನದನ್ನು ಅರಿಯದೆ ಹೊತ್ತೆ.

ಹಳೇ ಹುಬ್ಬಳ್ಳಿಯಲ್ಲಿ ಹೊರಟು, ಧಾರವಾಡ ದಾಟಿ ಹಳಿಯಾಳ ಮುಟ್ಟಿ, ಮರಳಿ ಧಾರವಾಡದಲ್ಲಿ ಮುಗಿಸಬೇಕಿತ್ತು. ಯಾರಿಗಾಗಿ ತುಳಿಯುತ್ತೇವೋ ಅವರ ಹೆಸರು ಬೆನ್ನ ಮೇಲೆ. ಅದು ಅವಳಿಗೆ ಬೇಕಿರಲಿಲ್ಲ. “ನಾ ಇನ್ನೂ ಮನ್ಯಾಗ ಇದ್ದೇನಿ. ಊರ ಮುಂದ ಯಾಕ ಮೆರಸ್ತೀರಿ?” ಎಂದಿದ್ದಳು. ಸತ್ತೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ನಾಲ್ಕು ಕಿಮೊ ಮುಗಿದಿದ್ದವು, ಇನ್ನೆರಡು ಬಾಕಿ. ಪ್ರತಿ ಸಲವೂ ‘ಸಾಕು’ ಎನ್ನುವವಳನ್ನು ಹೇಗೋ ಒಪ್ಪಿಸಿ ಕರೆದೊಯ್ಯುತ್ತಿದ್ದೆ. ಈ ವಯಸ್ಸಿನಲ್ಲಿ ಅವಳ ಹೆಸರು ಹೊತ್ತು ನಾನು ಅಷ್ಟು ದೂರ ತುಳಿದರೆ ಉಳಿದೆರಡಕ್ಕೆ ಅವಳಿಗೂ ಧೈರ್ಯ ಬಂದೀತು ಎಂದು ನಂಬಿದ್ದೆ. ಕೊನೆಗೆ ಒಪ್ಪಿದಳು. ಸವಾರಿ ಮುಗಿಯುವ ಜಾಗಕ್ಕೆ ಮಗಳ ಜೊತೆ ಬರುತ್ತೇನೆಂದೂ ಹೇಳಿದಳು.

ಬೆಳಗಿನ ಮಬ್ಬಿನಲ್ಲಿ ಬೆನ್ನಿಗೆ ಪಿನ್ನು ಹಾಕಿದ ಕಾರ್ಯಕರ್ತೆ, “ಭಾಳ ಛಲೋ ಬಂದೈತ್ರಿ ಅಜ್ಜಾರ” ಎಂದಳು. ನಂಬಿದೆ. ಲಕಮನಹಳ್ಳಿಯ ಹತ್ತಿರ ಹಿಂದಿನಿಂದ ಬಂದ ಮೂವರು ಸವಾರರು ಹರಟೆ ನಿಲ್ಲಿಸಿ, ನನ್ನನ್ನು ದಾಟುವಾಗ ತಲೆಬಾಗಿದರು. ವಯಸ್ಸಿಗೆ ಸಂದ ಗೌರವವೆಂದು ನಾನೂ ಗತ್ತಿನಿಂದ ತಲೆಯಾಡಿಸಿದೆ. ಈಗ ನೆನೆದರೆ ಮೈ ಉರಿಯುತ್ತದೆ.

ಹಳಿಯಾಳದ ಚಹಾದಂಗಡಿಯಲ್ಲಿ ಹಳೇ ಹುಬ್ಬಳ್ಳಿಯ ಸೈಕಲ್ ಮೆಕ್ಯಾನಿಕ್ ಒಬ್ಬರು ಪಕ್ಕದಲ್ಲಿ ಬಂದು ಕೂತರು. ತೀರಿಕೊಂಡ ಅಣ್ಣನಿಗಾಗಿ ತುಳಿಯುತ್ತಿದ್ದವರು.

“ಯಾವಾಗ ಆತ್ರಿ ಕಾಕಾ?”

ಆಪರೇಷನ್ ಕುರಿತು ಕೇಳುತ್ತಿದ್ದಾರೆಂದುಕೊಂಡೆ. “ಐದು ತಿಂಗಳಾತು.”

“ಭಾಳ ನರಳಿದ್ರೇನು?”

“ಒಂದ ದಿನ. ಮರುದಿನ ಎದ್ದು ಕುಂತು ಚಹಾ ಕೇಳಿದ್ಲು. ಸಕ್ರಿ ಕಡಿಮಿ ಆಗೇತಿ ಅಂತ ನನಗ ಬೈದ್ಲು.”

ಅವರ ಕೈಯಲ್ಲಿನ ಚಹಾದ ಬಶಿ ಅಲ್ಲೇ ನಿಂತಿತು. “ಎದ್ದು... ಕುಂತು? ಕಾಕಾ, ನಿಮ್ಮ ಬೆನ್ನ ಮ್ಯಾಲೆ ಲಿಂಗೈಕ್ಯ ಅಂತ ಐತಲ್ರೀ!”

ಎದುರಿನ ಮೇಜಿನಲ್ಲಿ ಸವಾರರ ನಂಬರ್ ಬರೆದುಕೊಳ್ಳುತ್ತಿದ್ದ ಸಂಘಟಕರ ಮುಂದೆ ಹೋಗಿ ಬೆನ್ನು ತೋರಿಸಿದೆ. ಅವರ ಮುಖದಲ್ಲಿ ಗಾಬರಿಯಿರಲಿಲ್ಲ, ಒಂದು ಬಗೆಯ ಹೆಮ್ಮೆಯಿತ್ತು.

“ನಿಮ್ಮ ಅಡ್ಡಹೆಸರು ನೋಡಿ ಲಿಂಗೈಕ್ಯ ಹಾಕಸೇವ್ರಿ. ಉಳದವರಿಗೆ ಕೈಲಾಸವಾಸಿ, ಸಾಬರಿಗೆ ಮರ್ಹೂಮ್. ಯಾರಿಗೂ ತಪ್ಪು ಶಬ್ದ ಹೋಗಬಾರದಂತ ಎರಡೆರಡು ಸಲ ತಪಾಸ ಮಾಡೇವಿ.”

“ಸತ್ತಾರೋ ಇಲ್ಲೋ ಅಂತ ಒಂದ ಸಲ ತಪಾಸ ಮಾಡೀರೇನು?”

“ಬಟ್ಟಿ ಮಾತ್ರ ತಗೀಬ್ಯಾಡ್ರಿ. ನಂಬರ್ ಅದರ ಮ್ಯಾಲೇ ಐತಿ. ತಗದ್ರ ಸವಾರಿ ಮುಗಿಸಿದವರ ಪಟ್ಟಿಯೊಳಗ ನೀವು ಬರಂಗಿಲ್ಲ.”

ಕಿತ್ತು ಮೇಜಿನ ಮೇಲೆ ಒಗೆಯಬೇಕಿತ್ತು. ಒಗೆಯಲಿಲ್ಲ. ಧಾರವಾಡದಲ್ಲಿ ಪಟ್ಟಿ ಓದುವಾಗ ನನ್ನ ಹೆಸರಿನ ಜೊತೆ ತನ್ನ ಹೆಸರನ್ನೂ ಅವಳು ಕಿವಿಯಾರೆ ಕೇಳಲಿ ಎಂಬ ಆಸೆ ಅಡ್ಡ ಬಂತು. ಆ ತಪ್ಪು ನನ್ನದೇ. ಮೆಕ್ಯಾನಿಕ್ ತಮ್ಮ ಚೀಲದಿಂದ ಪಂಕ್ಚರ್ ತಿದ್ದುವ ಸಾಮಾನು ತೆಗೆದು, ಆ ಶಬ್ದದ ಮೇಲೆ ಸಲ್ಯೂಷನ್ ಸವರಿ ರಬ್ಬರ್ ತುಂಡೊಂದನ್ನು ಒತ್ತಿ ಹಿಡಿದರು. “ಇನ್ನ ಗಾಳಿನೂ ಹೊರಗ ಬರಂಗಿಲ್ಲ, ನಡೀರಿ.”

ಮರಳುವ ದಾರಿಯಲ್ಲಿ ನನಗೆ ರಸ್ತೆ ಕಾಣಲಿಲ್ಲ. ಬಿಸಿಲೇರಿದಂತೆ ಅಂಟು ಬಿಡುತ್ತಿದೆಯೆನಿಸುತ್ತಿತ್ತು. ಒಂದು ಕೈ ಹ್ಯಾಂಡಲ್ ಬಿಟ್ಟು ಬೆನ್ನು ತಡವುತ್ತಿತ್ತು. ಎರಡು ಸಲ ಬೀಳುವವನಿದ್ದೆ. ಇಳಿದು ಶರ್ಟಿನ ಬೆನ್ನನ್ನು ಮುಂದಕ್ಕೆಳೆದು ನೋಡುವುದು, ಹತ್ತುವುದು, ಮತ್ತೆ ಇಳಿಯುವುದು. ಯಾರಾದರೂ ಹಿಂದೆ ಬಂದರೆ, ಅವರು ಮುಂದೆ ಹೋಗುವವರೆಗೂ ರಸ್ತೆಯ ಬದಿಗೆ ನಿಂತುಬಿಡುತ್ತಿದ್ದೆ.

ಧಾರವಾಡದಲ್ಲಿ ಅವಳು ತಲೆಯ ಮೇಲೆ ಸೆರಗು ಹೊದ್ದು, ಮಗಳ ತೋಳು ಹಿಡಿದು ನಿಂತಿದ್ದಳು. ಅವಳಿಗೆ ಬೆನ್ನು ತೋರದಂತೆ ಎಚ್ಚರದಿಂದ ಇಳಿದೆ. ಆಗ ಫೋಟೊ ತೆಗೆಸುತ್ತಿದ್ದ ಇನ್ನೊಬ್ಬ ಸಂಘಟಕರು, “ಇದೇನ್ರಿ ಕಾಕಾ, ಏನೋ ಹೊಲಸು ಹತ್ತೇತಿ” ಎನ್ನುತ್ತ ನನ್ನ ಭುಜ ಹಿಡಿದು ತಿರುಗಿಸಿ, ರಬ್ಬರ್ ತುಂಡನ್ನು ಸರಕ್ಕನೆ ಕಿತ್ತರು.

ಅವಳು ಓದಿದಳು. ಸೆರಗು ಸರಿಮಾಡಿಕೊಂಡು ಕೇಳಿದಳು: “ನನ್ನ ದಿವಸದ ಊಟ ಯಾವತ್ತ ಇಟ್ಕೊಂಡೀರಿ?”

ಸುತ್ತ ನಿಂತವರು ನಕ್ಕರು. ಅವಳೂ ನಕ್ಕಳು. ನಾನೊಬ್ಬ ನಗಲಿಲ್ಲ.

ಐದನೆಯ ಕಿಮೊದ ದಿನ ರಿಕ್ಷಾ ಮನೆ ಬಾಗಿಲಿಗೆ ಬಂದು ನಿಂತಿದ್ದಾಗ, “ಅಚ್ಚಾಗೇ ಬಿಟ್ಟೈತಲ್ರಿ, ಮತ್ತ್ಯಾಕ ಚುಚ್ಚಸ್ಕೊಳ್ಳೋದು?” ಎಂದು ಗೋಡೆಯತ್ತ ತಿರುಗಿ ಮಲಗಿದಳು. ಮಗಳು ಅತ್ತಳು, ನಾನು ಕೈ ಮುಗಿದೆ. ಏಳಲಿಲ್ಲ. ಡಾಕ್ಟರರು ಮುಂದಿನ ಗುರುವಾರದವರೆಗೆ ಮಾತ್ರ ಕಾಯಬಹುದು ಎಂದಿದ್ದಾರೆ. ಸವಾರಿ ಏರ್ಪಡಿಸಿದ ಮಹನೀಯರೇ, ಇದನ್ನೆಲ್ಲ ನಿಮಗೆ ಪತ್ರದಲ್ಲಿ ಬರೆದೆ. ‘ಅಚ್ಚಿನ ದೋಷಕ್ಕೆ ವಿಷಾದ’ ಎಂಬ ಒಂದು ಸಾಲು ಬಂತು, ಜೊತೆಗೆ ಸವಾರಿ ಮುಗಿಸಿದ ಪ್ರಮಾಣಪತ್ರ.

ಪ್ರಮಾಣಪತ್ರ ಕಪಾಟಿನಲ್ಲಿದೆ. ಗುರುವಾರ ಬೆಳಿಗ್ಗೆ ನನ್ನ ಮನೆಗೆ ಬಂದು, ಅವಳ ಹಾಸಿಗೆಯ ಬದಿಗೆ ಕೂತು, “ಏಳ್ರಿ ತಾಯಿ, ಆಸ್ಪತ್ರಿಗೆ ಹೋಗೂಣು” ಎಂದು ಹೇಳುವವರು ನಿಮ್ಮಲ್ಲಿ ಯಾರು?